ಸಹಿ ಹಾಕುವ ಮೊದಲು

ನಾಗಪುರದ ಹಿಂಗಣಾ, ಬುಟಿಬೋರಿ ಕಾರ್ಖಾನೆಗಳಿಗೆ ದುಡಿಯಲು ಬಂದಿರುವ ನಮ್ಮ ಕಡೆಯ ಮಕ್ಕಳೇ, ಮೂವತ್ತು ವರ್ಷ ಲೇತ್ ಮುಂದೆ ನಿಂತ ಈ ಕಾಕಾನ ಮಾತು ಕೇಳಿ. ಹಿಂದೊಮ್ಮೆ ಪಕ್ಕದ ಮಷೀನಿನ ಹುಡುಗನ ಹೆಬ್ಬೆರಳು ಹೋಯಿತು. 20,000 ರೂಪಾಯಿ ಕೈಗಿಟ್ಟು ಮರಾಠಿ ಹಾಳೆಯೊಂದಕ್ಕೆ ಸಹಿ ಹಾಕಿಸಿಕೊಂಡರು. ಅವನಿಗೆ ಮರಾಠಿ ಓದಲು ಬರುತ್ತಿರಲಿಲ್ಲ. ಅಲ್ಲೇ ನಿಂತಿದ್ದ ನನಗೆ ಕಾನೂನು ಗೊತ್ತಿರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

• ಓದಲು ಬಾರದ ಹಾಳೆಗೆ ಸಹಿ ಹಾಕಬೇಡಿ. ಹಾಕಿದ್ದರೂ ಎದೆಗುಂದಬೇಡಿ. ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಎಂಬ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲ. ರಾಜಿಯಾದರೆ ಅದು ಪರಿಹಾರ ಆಯುಕ್ತರ ಬಳಿ ನೋಂದಣಿಯಾಗಬೇಕು.

• ಸಂಬಳದ ಚೀಟಿಯಲ್ಲಿ ಇಎಸ್‌ಐ (ಕಾರ್ಮಿಕರ ವಿಮೆ) ಕಡಿತ ಇದೆಯೇ ನೋಡಿ. ಇದ್ದರೆ, ಕೆಲಸದಲ್ಲಿ ಗಾಯವಾಗಿ ಮನೆಯಲ್ಲಿ ಕೂತ ದಿನಗಳಿಗೆ ಕೂಲಿಯ ಶೇ. 90ರಷ್ಟು ಅಲ್ಲಿಂದಲೇ ಬರುತ್ತದೆ. ಮಾಲೀಕರ ಮೇಲೆ ಬೇರೆ ಪರಿಹಾರದ ಅರ್ಜಿ ನಡೆಯದು. ಇಲ್ಲದವರಿಗೆ ಇದ್ದದ್ದು 1923ರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ಆ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ.

• ಇಎಸ್‌ಐ ಇಲ್ಲದವರೇ, ಲೆಕ್ಕ ನೀವೇ ಹಾಕಿ. ಪೂರ್ತಿ ಅಂಗವಿಕಲನಾದರೆ ತಿಂಗಳ ಸಂಬಳದ ಶೇ. 60ನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. ಮೂವತ್ತರ ಹುಡುಗನ ಗುಣಕ 207.98. ಸಂಬಳ 12,000 ಆದರೆ 14,97,456 ರೂಪಾಯಿ. ಹೆಬ್ಬೆರಳು ಹೋದರೆ ಅದರಲ್ಲಿ ಶೇ. 30, ಅಂದರೆ ಸುಮಾರು ನಾಲ್ಕೂವರೆ ಲಕ್ಷ. ಆ ಇಪ್ಪತ್ತು ಸಾವಿರ ನೆನಪಾದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

• ಡಾಕ್ಟರು ಬರೆದ ಅಂಗವೈಕಲ್ಯದ ಶೇಕಡಾವಾರನ್ನೇ ನಂಬಿ ಕೂರಬೇಡಿ. ಎಡಗೈ ಕಳಕೊಂಡ ಬಡಗಿಯೊಬ್ಬ ಇನ್ನು ಬಡಗಿ ಕೆಲಸ ಮಾಡಲಾರ, ಆದ್ದರಿಂದ ಅವನಿಗಾದ ನಷ್ಟ ಪೂರ್ತಿ ನಷ್ಟವೇ ಎಂದು ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿದೆ. ನಿಮ್ಮ ಕಸುಬು ಏನೆಂದು ಅರ್ಜಿಯಲ್ಲಿ ಬಿಡಿಸಿ ಬರೆಸಿ.

• ಠೇಕೇದಾರ ಫೋನ್ ಎತ್ತದಿದ್ದರೆ ಕಾರ್ಖಾನೆಯ ಮಾಲೀಕನನ್ನೇ ಕೇಳಿ. ಅವನೂ ಹೊಣೆಗಾರ.

• ಅರ್ಜಿಗೆ ಎರಡು ವರ್ಷದ ಗಡುವು. ತಿಂಗಳೊಳಗೆ ದುಡ್ಡು ಕೊಡದಿದ್ದರೆ ಶೇ. 12 ಬಡ್ಡಿ, ಸುಮ್ಮನೆ ಸತಾಯಿಸಿದರೆ ಅರ್ಧದವರೆಗೆ ದಂಡ.

• ನಾಗಪುರಕ್ಕೇ ಅಲೆಯಬೇಕೆಂದಿಲ್ಲ. ಕಲಬುರಗಿಯಲ್ಲೋ ವಿಜಯಪುರದಲ್ಲೋ ನೀವು ವಾಸವಿರುವ ಕಡೆಯ ಆಯುಕ್ತರ ಬಳಿಯೂ ಅರ್ಜಿ ಹಾಕಬಹುದು. ಹಾಸಿಗೆ ಹಿಡಿದವನಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ.

• 2023ರ ಡಿಸೆಂಬರ್ 17ರಂದು ನಾಗಪುರದ ಹತ್ತಿರದ ಬಾಜಾರ್‌ಗಾಂವ್‌ನ ಸ್ಫೋಟಕ ಕಾರ್ಖಾನೆಯಲ್ಲಿ ಒಂಬತ್ತು ಜನ ಸತ್ತರು, ಅದರಲ್ಲಿ ಆರು ಹೆಣ್ಣುಮಕ್ಕಳು. ಅಂಥ ಸಾವಾದಾಗ ಪರಿಹಾರದ ಹಣವನ್ನು ಆಯುಕ್ತರ ಬಳಿಯೇ ಕಟ್ಟಬೇಕು. 'ಕುಡಿದಿದ್ದ', 'ಮಷೀನಿನ ಗಾರ್ಡ್ ತೆಗೆದಿದ್ದ' ಎಂಬ ನೆಪ ಆಗ ನಡೆಯದು.

• ಆಸ್ಪತ್ರೆಯಲ್ಲಿ 'ಮನೆಯಲ್ಲಿ ಬಿದ್ದೆ ಅನ್ನು' ಎಂದು ಯಾರು ಒತ್ತಾಯಿಸಿದರೂ ಒಪ್ಪಬೇಡಿ. ಕೇಸ್ ಪೇಪರಿನಲ್ಲಿ ಕೆಲಸದ ಜಾಗ, ಹೊತ್ತು, ಮಷೀನು ಮೂರನ್ನೂ ಬರೆಸಿ, ಅದರ ಫೋಟೊ ಅಂದೇ ಸಂಜೆ ಊರಿಗೆ ಕಳಿಸಿ.