ಮಳೆಯ ಕೊಯ್ಲು ಮತ್ತು ಕಾಯಕದ ಅರಿವು

ಶ್ರಾವಣಮಾಸ ಬಂದಿತೆಂದರೆ ಮಠಗಳಲ್ಲಿ ಪುರಾಣ ಪ್ರವಚನಗಳು ಆರಂಭವಾಗುವುವು. ದಾಸೋಹದ ಒಲೆಗೆ ಬಿಡುವಿರದು. ಪಂಕ್ತಿಯಲ್ಲಿ ಕುಳಿತ ಭಕ್ತನ ಎಲೆಗೆ ಬಿಸಿ ಪಲ್ಯ ಬೀಳುವಾಗ ಹೊರಗೆ ಜಡಿಮಳೆ ಹಿಡಿದಿರುತ್ತದೆ. ಆ ಕಾಯಿಯನ್ನು ಅದೇ ಮಳೆಯಲ್ಲಿ ನಿಂತು ಯಾರೋ ಕೊಯ್ದು ಕಳುಹಿಸಿರುವರು. ಪ್ರಸಾದವನ್ನು ಸ್ವೀಕರಿಸುವವನು ಆ ಕೈಗಳನ್ನು ಅರಿಯದಿದ್ದರೆ ದಾಸೋಹದ ಅರ್ಥವನ್ನು ಅರ್ಧವೇ ಅರಿತಂತೆ.

ಬೆಳಗಾವಿಯ ಸುತ್ತಣ ಹಳ್ಳಿಗಳಿಗೆ ಸಹ್ಯಾದ್ರಿಯ ಮಳೆ ಸಮೀಪವಾದುದು. ಗೋಣಿಯ ಕೊಪ್ಪೆ ಹೊದ್ದು ಹೊಲಕ್ಕಿಳಿದವರ ಕಾಲು ಕೆಸರಿನಲ್ಲಿ ಹೂಳುವುದು. ಬೆಂಡೆಯ ಸುಂಕು ನೆನೆದ ಬೆರಳನ್ನು ತುರಿಸುವುದು. ಹಾಗೆಂದು ಮಳೆ ನಿಲ್ಲಲೆಂದು ಕಾಯುತ್ತ ಕುಳ್ಳಿರುವಂತಿಲ್ಲ. ಬೆಂಡೆಯನ್ನು ಎರಡು ಮೂರು ದಿನಗಳಿಗೊಮ್ಮೆ ಕೊಯ್ಯದಿದ್ದರೆ ಕಾಯಿ ನಾರಾಗುವುದು. ಬಲಿತ ಕಾಯಿ ಉಳಿದ ಗಿಡವು ಹೊಸ ಕಾಯಿ ಬಿಡುವುದನ್ನು ಕುಗ್ಗಿಸುವುದು. ಕಾಲಕ್ಕೆ ಸರಿಯಾಗಿ ಕೈ ನೀಡುವುದೇ ಇಲ್ಲಿ ಕಾಯಕ.

ಈ ನಿಷ್ಠೆಗೆ ೧೨ನೆಯ ಶತಮಾನದ ಶರಣ ನುಲಿಯ ಚಂದಯ್ಯನವರ ಚರಿತ್ರೆ ನಿದರ್ಶನವಾಗಿದೆ. ಅವರು ಹುಲ್ಲು ಕೊಯ್ದು ಹಗ್ಗ ಹೊಸೆದು, ಮಾರಿ ಬಂದುದರಿಂದ ಜಂಗಮ ದಾಸೋಹ ನಡೆಸುತ್ತಿದ್ದರು. ಒಮ್ಮೆ ನೀರಿನಲ್ಲಿ ನಿಂತು ಹುಲ್ಲು ಕೊಯ್ಯುವಾಗ ಕೊರಳ ಇಷ್ಟಲಿಂಗವು ಜಾರಿ ಬಿದ್ದಿತು. ಚಂದಯ್ಯನವರು ಅದನ್ನೆತ್ತಿಕೊಳ್ಳಲು ನಿಲ್ಲದೆ ಕಾಯಕವನ್ನು ಮುಂದುವರಿಸಿದರೆಂದೂ, ಲಿಂಗವೇ ಅವರನ್ನು ಹಿಂಬಾಲಿಸಿತೆಂದೂ ಶೂನ್ಯಸಂಪಾದನೆಯ ಪ್ರಸಂಗವು ಹೇಳುತ್ತದೆ. ಲಿಂಗವನ್ನು ಕೀಳುಗಳೆಯುವುದು ಅದರ ಅಭಿಪ್ರಾಯವಲ್ಲ. ಜಂಗಮಕ್ಕಾಗಿ ನಡೆಯುವ ಕಾಯಕವನ್ನು ತೊರೆದು ಪೂಜೆಯ ನೆವದಿಂದ ನುಣುಚಿಕೊಳ್ಳಲಾಗದೆಂಬುದೇ ಅದರ ತಿರುಳು.

ಆದರೆ ಈ ಕಥೆಯನ್ನು ಅಪಾರ್ಥ ಮಾಡಿಕೊಳ್ಳುವ ಭಯವುಂಟು. ಎಂತಹ ಮಳೆಯಲ್ಲಿಯೂ ಕೈ ನಿಲ್ಲಿಸಬಾರದೆಂಬುದೇ ಕಾಯಕವೆಂದು ತಿಳಿದರೆ ಅದು ಅರಿವಿಲ್ಲದ ದುಡಿಮೆಯಾಗುವುದು. ಬೀನ್ಸ್ ಗಿಡಗಳ ಎಲೆ ತೊಯ್ದಿರುವಾಗ ಅವುಗಳ ನಡುವೆ ಓಡಾಡಿದರೆ ಅಂಗಮಾರಿಯಂತಹ ರೋಗಗಳು ಕೈಯಿಂದಲೂ ಬಟ್ಟೆಯಿಂದಲೂ ಗಿಡದಿಂದ ಗಿಡಕ್ಕೆ ಅಂಟುವುವು. ಅಲ್ಲಿ ಎಲೆ ಆರುವವರೆಗೆ ಕಾಯುವುದೇ ಕಾಯಕ. ಒದ್ದೆ ಕಾಯಿಯನ್ನು ಚೀಲದಲ್ಲಿ ಒತ್ತಿ ತುಂಬಿದರೆ ಒಳಗೆ ಕಾವೇರಿ ಕೊಳೆಯುವುದು. ನೆರಳಿನಲ್ಲಿ ಹರವಿ, ಗಾಳಿಯಾಡಿಸಿ ತುಂಬಬೇಕು. ಬೆಂಡೆಯಲ್ಲಿ ತಡೆಯದ ಕೈ ಬೀನ್ಸಿನಲ್ಲಿ ತಡೆಯಬೇಕು. ಈ ವಿವೇಕವಿಲ್ಲದ ಶ್ರಮವು ಬೆಳೆಗೂ ಹಾನಿ, ಉಣ್ಣುವವನಿಗೂ ಹಾನಿ.

ಇನ್ನೊಂದು ಮಾತು ಹೊಲದ ಒಡೆಯನಿಗೆ ಸಂಬಂಧಿಸಿದುದು. ಚಂದಯ್ಯನವರು ನೀರಿನಲ್ಲಿ ನಿಂತುದು ತಮ್ಮ ಇಚ್ಛೆಯಿಂದ. ಅವರ ನಿಷ್ಠೆಯನ್ನು ಹೊಗಳಿ, ತಾನು ಜಗಲಿಯ ಮೇಲೆ ಬೆಚ್ಚಗೆ ಕುಳಿತು, ಗುಡುಗು ಮಿಂಚುಗಳ ನಡುವೆ ಕೂಲಿಯವರನ್ನು ಬಯಲಿಗೆ ಅಟ್ಟುವವನು ಶರಣರ ಹೆಸರನ್ನು ತನ್ನ ಲೋಭಕ್ಕೆ ಬಳಸಿಕೊಂಡಂತಾಯಿತು. ಗುಡುಗು ಕೇಳಿದೊಡನೆ ಹೊಲದಲ್ಲಿರುವವರನ್ನು ಗಟ್ಟಿಯಾದ ಕಟ್ಟಡದೊಳಕ್ಕೆ ಕರೆಯಬೇಕು. ಒಂಟಿಮರದ ಕೆಳಗೆ ನಿಲ್ಲಗೊಡಬಾರದು. ಕೊಯ್ಲು ಅರ್ಧಕ್ಕೆ ನಿಂತಿತೆಂದು ಆ ದಿನದ ಕೂಲಿಯನ್ನು ಮುರಿಯುವುದೂ ಸಲ್ಲದು. ಮಳೆ ಬಂದುದು ದುಡಿಯುವವನ ತಪ್ಪಲ್ಲ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸುವಂತೆ ಹೇಳಿದರು. ಬಡತನದಲ್ಲಿದ್ದ ಆ ತಾಯಿಗೆ ಸಲ್ಲದ ಹಿಡಿ ಅಕ್ಕಿಯೂ ಭಾರವೆನಿಸಿತು. ಹಾಗಾದರೆ ತೊಯ್ದು ನಡುಗುವವಳ ಕೂಲಿಯಿಂದ ಉಳಿಸಿದ ಹಣದಲ್ಲಿ ಒಡೆಯನು ಮಠಕ್ಕೆ ಕಾಣಿಕೆ ಕಳುಹಿಸಿದರೆ ಅದು ದಾಸೋಹವಾದೀತೆ? ಗಾಡಿ ತುಂಬ ತರಕಾರಿ ಬಂದಿಳಿದರೂ ಅದರಲ್ಲಿ ಅವಳ ಪಾಲು ಸೇರಿರುವವರೆಗೆ ಅದು ಶುದ್ಧ ಪದಾರ್ಥವಲ್ಲ.

ಆದುದರಿಂದ ಸದ್ಭಕ್ತರು ಈ ಶ್ರಾವಣದಲ್ಲಿ ಒಂದು ನಿಯಮವನ್ನು ಹಿಡಿಯುವುದು ಯೋಗ್ಯವು. ಕಾಣಿಕೆಯ ಬುಟ್ಟಿಯನ್ನು ಮಠಕ್ಕೆ ಹೊರಿಸುವ ಮುನ್ನ, ಅದನ್ನು ತುಂಬಿದವರಿಗೆ ಕೂಲಿ ಪೂರ್ತಿ ಸಂದಿತೆ, ಉಡಲು ಒಣಬಟ್ಟೆಯೂ ಕುಡಿಯಲು ಬಿಸಿನೀರೂ ದೊರೆಯಿತೆ ಎಂದು ವಿಚಾರಿಸಲಿ. ಹಾಗೆ ವಿಚಾರಿಸಿ ಸಲ್ಲಿಸಿದ ಒಂದು ಹಿಡಿ ಸೊಪ್ಪೂ ದಾಸೋಹಕ್ಕೆ ಸಲ್ಲುವುದು.