ಪುನರಾವರ್ತನೆಯ ಆಟವೂ ೬೧೭೪ ಎಂಬ ಸಂಖ್ಯೆಯೂ

ವಾಚನಾಲಯದ ರವಿವಾರದ ಗಣಿತ ವರ್ಗದಲ್ಲಿ ಪರೀಕ್ಷೆಗೆ ಮುಂಚೆ ಒಂದು ಆಟ ಹೂಡಿದ್ದೆವು. ಅದರಲ್ಲಿ ಲಾಭವೆಷ್ಟಾಯಿತು, ನಾವು ಮೋಸ ಹೋದುದೆಷ್ಟು ಎಂಬುದನ್ನು ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಮೊದಲ ವಾರ ಮಾಡಿದ್ದು ಎಲ್ಲರೂ ಮಾಡುವಂಥದೇ. ಎರಡು ಪಂಗಡ, ಮೊದಲು ಕೈಯೆತ್ತಿ ಉತ್ತರ ಹೇಳಿದವರಿಗೆ ಅಂಕ. ಗದ್ದಲವೋ ಗದ್ದಲ. ವರ್ಗ ಕಳೆಗಟ್ಟಿತೆಂದು ನಾವೂ ಹಿಗ್ಗಿದೆವು. ಆಮೇಲೆ ಅಂಕಗಳ ಚೀಟಿ ನೋಡಿದರೆ ಉತ್ತರ ಕೊಟ್ಟವರು ನಾಲ್ಕೇ ಮಂದಿ! ಅವರಿಗೆ ಪುನರಾವರ್ತನೆ ಬೇಕಾಗಿರಲೇ ಇಲ್ಲ. ಬೇಕಾಗಿದ್ದವರು ಚಪ್ಪಾಳೆ ತಟ್ಟಿ ಮನೆಗೆ ಹೋಗಿದ್ದರು.

ಆದ್ದರಿಂದ ಮುಂದಿನ ವಾರ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದೆವು. ಇವರು ೧೯೦೫ರಲ್ಲಿ ಡಹಾಣೂದಲ್ಲಿ ಹುಟ್ಟಿ, ನಮ್ಮ ಠಾಣೆಯಲ್ಲೇ ಶಾಲೆ ಕಲಿತವರು. ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದವರು. ೧೯೭೫ರಲ್ಲಿ ಅಮೇರಿಕೆಯ ಮಾರ್ಟಿನ್ ಗಾರ್ಡ್ನರ್ ಇವರ ವಿಷಯ ಬರೆದ ಮೇಲೆ ಹೊರಗಿನ ಜಗತ್ತಿಗೆ ಹೆಸರು ತಿಳಿಯಿತು. ಅವರು ೧೯೪೯ರಲ್ಲಿ ಕಂಡುಕೊಂಡದ್ದು ಇಷ್ಟು: ನಾಲ್ಕು ಅಂಕಿಗಳ ಒಂದು ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಒಂದೇ ಅಂಕಿ ಆಗಿರಬಾರದು. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದ್ದನ್ನು ಕಳೆಯಿರಿ. ಬಂದ ಬಾಕಿಗೂ ಹಾಗೆಯೇ ಮಾಡುತ್ತ ಹೋಗಿ. ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ ೬೧೭೪ ಬಂದು ನಿಲ್ಲುತ್ತದೆ. ಬಾಕಿ ೯೯೯ ಬಂದರೆ ಮುಂದೆ ಸೊನ್ನೆ ಬರೆದು ನಾಲ್ಕು ಅಂಕಿ ಮಾಡಿಕೊಳ್ಳಬೇಕು.

ನಮ್ಮ ನಾಡಿಗೆ ಕರ್ನಾಟಕವೆಂದು ಹೆಸರಾದ ೧೯೭೩ನ್ನೇ ನೋಡಿ. ೯೭೩೧ರಲ್ಲಿ ೧೩೭೯ ಕಳೆದರೆ ೮೩೫೨. ೮೫೩೨ರಲ್ಲಿ ೨೩೫೮ ಕಳೆದರೆ ೬೧೭೪. ಎರಡೇ ಹೆಜ್ಜೆ.

ಇಲ್ಲಿ ಕೈಯೆತ್ತುವ ಪೈಪೋಟಿಯಿಲ್ಲ. ಪ್ರತಿಯೊಬ್ಬರಿಗೂ ತಮ್ಮದೇ ಸಂಖ್ಯೆ, ತಮ್ಮದೇ ಪಾಟಿ. ಹಿಂದಿನ ಸಾಲಿನವರೂ ತಲೆಯೆತ್ತದೆ ವಜಾಬಾಕಿ ಮಾಡಿದರು. ಏಕೀಕರಣದ ವರ್ಷವಾದ ೧೯೫೬ನ್ನು ತೆಗೆದುಕೊಂಡ ಹುಡುಗಿಯೊಬ್ಬಳು ೬೧೭೪ ಮುಟ್ಟಿದಾಗ ನಾವು ಶಾಭಾಸ್ ಎಂದುಬಿಟ್ಟೆವು. ಪಕ್ಕದ ಹುಡುಗ ಅವಳ ಪಾಟಿ ಎಣಿಸಿ, "ಸರ್, ಏಳೇ ಅಂದಿದ್ರಲ್ಲ, ಇಕಿದು ಒಂಬತ್ತು ಅದಾವ" ಎಂದ. ನೋಡಿದರೆ ಎರಡನೆಯ ಹೆಜ್ಜೆಯಲ್ಲೇ ತಪ್ಪಿತ್ತು. ೮೮೨೦ರಲ್ಲಿ ೦೨೮೮ ಕಳೆಯುವಾಗ ದಶಕದಿಂದ ಸಾಲ ತಂದದ್ದನ್ನು ಮರೆತು, ೮೫೩೨ ಬರೆಯುವಲ್ಲಿ ೮೫೪೨ ಬರೆದಿದ್ದಳು. ಸರಿಯಾಗಿ ಮಾಡಿದ್ದರೆ ಮೂರನೆಯ ಹೆಜ್ಜೆಗೇ ಮುಗಿಯುತ್ತಿತ್ತು.

ಆಟದ ದೋಷ ನಮಗೆ ಆಗ ಹೊಳೆಯಿತು. ತಪ್ಪಾದ ಬಾಕಿಯೂ ನಾಲ್ಕು ಅಂಕಿಗಳ ಸಂಖ್ಯೆಯೇ ತಾನೆ? ಅದೂ ಕೊನೆಗೆ ೬೧೭೪ಕ್ಕೇ ಬಂದು ಸೇರುತ್ತದೆ. ಅಂದಮೇಲೆ ಅದಕ್ಕೂ ಮುಂಚೆ ಎಷ್ಟು ತಪ್ಪುಗಳಿಗೆ ಶಾಭಾಸ್ ಹೇಳಿದ್ದೆವೋ!

ಪರಿಹಾರವಾಗಿ ಒಂಬತ್ತರ ತಾಳೆ ಸೇರಿಸಿದೆವು. ಎರಡು ಸಂಖ್ಯೆಗಳಲ್ಲೂ ಅವೇ ಅಂಕಿಗಳಿರುವುದರಿಂದ ಬಾಕಿ ಯಾವಾಗಲೂ ಒಂಬತ್ತರ ಮಗ್ಗಿಯಲ್ಲಿರಬೇಕು. ಅದರ ಅಂಕಿಗಳನ್ನು ಕೂಡಿದರೂ ಅಷ್ಟೇ. ೮೫೩೨ಕ್ಕೆ ೧೮; ೮೫೪೨ಕ್ಕೆ ೧೯, ಅಲ್ಲಿಗೆ ತಪ್ಪು ಸಿಕ್ಕಿತು. ಪ್ರತಿ ಹೆಜ್ಜೆಗೂ ಪಕ್ಕದವರ ಪಾಟಿಯ ತಾಳೆ ನೋಡಬೇಕೆಂದು ಕಟ್ಟು ಮಾಡಿದೆವು.

ಇಷ್ಟಾದರೂ ಒಂದು ತಪ್ಪು ನುಸುಳುತ್ತದೆ. ಅದು ನಮ್ಮ ಮಕ್ಕಳಲ್ಲೇ ಹೆಚ್ಚು. ಅಂಕಿಗಳು ಅದಲುಬದಲಾದರೆ ಒಂಬತ್ತರ ತಾಳೆ ಹಿಡಿಯಲಾರದು. ೪೭ಕ್ಕೂ ೭೪ಕ್ಕೂ ಅಂತರ ೨೭, ಅದೂ ಒಂಬತ್ತರ ಮಗ್ಗಿಯದೇ. (ಖಾತೆ ಬರೆಯುವವರಿಗೆ ಇದು ಗೊತ್ತು: ಮೇಳ ಒಂಬತ್ತರ ಲೆಕ್ಕದಲ್ಲಿ ತಪ್ಪಿದರೆ ಮೊದಲು ಅದಲುಬದಲು ಹುಡುಕುತ್ತಾರೆ.) ಮನೆಯಲ್ಲಿ ನಾವು ನಲವತ್ತೇಳು ಎನ್ನುತ್ತೇವೆ, ನಲವತ್ತು ಮೊದಲು. ಮರಾಠಿ ಶಾಲೆಯಲ್ಲಿ ಸತ್ತೇಚಾಳೀಸ, ಏಳು ಮೊದಲು. ಚಿಕ್ಕ ಮಕ್ಕಳು ಕೇಳಿದ ಕ್ರಮದಲ್ಲೇ ಬರೆದುಬಿಡುತ್ತಾರೆ. ೨೦೧೯ರಲ್ಲಿ ಬಾಲಭಾರತಿಯ ಎರಡನೆಯ ಇಯತ್ತೆಯ ಪುಸ್ತಕದಲ್ಲಿ ಏಕವೀಸ ಎಂಬುದರ ಜೊತೆಗೆ ವೀಸ ಏಕ ಎಂಬ ರೀತಿಯನ್ನು ತಂದಾಗ ಎಷ್ಟು ಚರ್ಚೆಯಾಯಿತೆಂಬುದು ಅನೇಕರಿಗೆ ನೆನಪಿರಬಹುದು. ನಮ್ಮ ಮಟ್ಟಿಗೆ ಆ ತೊಡಕು ಕಲ್ಪನೆಯದಲ್ಲ.

ಈಗ ಆಟಕ್ಕೆ ಮೊದಲು ಹತ್ತು ನಿಮಿಷ ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಮರಾಠಿಯಲ್ಲಿ ಸಂಖ್ಯೆ ಹೇಳುತ್ತಾರೆ, ಉಳಿದವರು ಬರೆಯುತ್ತಾರೆ. ಮೂವರು ಇನ್ನೂ ತಡವರಿಸುತ್ತಿದ್ದಾರೆ. ಬರುವ ರವಿವಾರ ಮಕ್ಕಳು ಪಾಟಿ ತರಬೇಕು. ಪಾಲಕರೂ ಬಂದು ಒಂದೊಂದು ಸಂಖ್ಯೆ ಹಿಡಿದು ಕೂಡಬಹುದು.