ಡಬ್ಬಿಯ ಮೇಲಿನ ಲೆಕ್ಕ, ಮಗುವಿನ ಹೊಟ್ಟೆಯ ಲೆಕ್ಕ

ಆರೋಗ್ಯ ಪ್ರಶ್ನೋತ್ತರ

ಪುಡಿ ಹಾಲಿನ ಬಗ್ಗೆ ಒಟ್ಟಿಗೆ ಹಲವು ಪತ್ರಗಳು ಬಂದಿರುವುದರಿಂದ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ. ಉಳಿದವರೂ ಅದನ್ನು ಓದಿಕೊಳ್ಳಿ, ನಿಮ್ಮ ಪ್ರಶ್ನೆಯ ಅರ್ಧ ಭಾಗ ಅಲ್ಲೇ ಇದೆ.

ಪ್ರಶ್ನೆ: ನನ್ನ ಮಗನಿಗೆ ಎರಡು ತಿಂಗಳು. ಹುಟ್ಟಿದಾಗ 2.9 ಕೆ.ಜಿ. ಇದ್ದ, ಮೊನ್ನೆ ತೂಕ ನೋಡಿಸಿದಾಗ 4.6 ಕೆ.ಜಿ. ಎದೆಹಾಲು ಸಾಲದೆ ಒಂದು ತಿಂಗಳಿಂದ ಡಬ್ಬಿ ಹಾಲು ಕೊಡುತ್ತಿದ್ದೇವೆ. ಡಬ್ಬಿಯ ಮೇಲೆ ಒಂದು ಸಲಕ್ಕೆ 120 ಮಿ.ಲೀ., ದಿನಕ್ಕೆ ಆರು ಸಲ ಎಂದಿದೆ. ಅವನು 90 ಕುಡಿದು ಮುಖ ತಿರುಗಿಸುತ್ತಾನೆ, ಆದರೆ ದಿನಕ್ಕೆ ಎಂಟು ಸಲ ಕೇಳುತ್ತಾನೆ. ಮಿಕ್ಕಿದ್ದು ದಂಡವಾಗಬಾರದೆಂದು ಅತ್ತೆಯವರು ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಕುಡಿಸುತ್ತಾರೆ. ಆಗ ಕಕ್ಕಿಬಿಡುತ್ತಾನೆ. ನಾನು ಸರಿಯಾಗಿ ಹೊಟ್ಟೆಗೆ ಹಾಕುತ್ತಿಲ್ಲವೇ?
— ಓದುಗರು, ಕುವೆಂಪುನಗರ

ಉತ್ತರ: ನೀವು ಕೊಟ್ಟಿರುವ ಅಂಕಿಗಳನ್ನೇ ಒಮ್ಮೆ ಕೂಡಿ ನೋಡಿ. ಡಬ್ಬಿಯ ಪ್ರಕಾರ 120ನ್ನು ಆರು ಸಲ ಕೊಟ್ಟರೆ 720 ಮಿ.ಲೀ. ನಿಮ್ಮ ಮಗ 90ನ್ನು ಎಂಟು ಸಲ ಕುಡಿದರೂ 720 ಮಿ.ಲೀ. ಅವನು ಕಡಿಮೆ ಕುಡಿಯುತ್ತಿಲ್ಲ, ಅದೇ ಹಾಲನ್ನು ತನಗೆ ಹಿಡಿಸುವಷ್ಟು ಸಣ್ಣ ಸಣ್ಣ ಪಾಲು ಮಾಡಿಕೊಂಡು ಕುಡಿಯುತ್ತಿದ್ದಾನೆ.

ಡಬ್ಬಿಯ ಮೇಲಿನ ಪಟ್ಟಿ ವಯಸ್ಸು ನೋಡಿ ಬರೆದದ್ದು. ಎರಡು ತಿಂಗಳಿಗೆ ಒಂದು ಮಗು ನಾಲ್ಕು ಕೆ.ಜಿ. ಇರುತ್ತದೆ, ಇನ್ನೊಂದು ಐದೂವರೆ ಇರುತ್ತದೆ. ಎರಡಕ್ಕೂ ಒಂದೇ ಅಳತೆ ಹೇಗೆ ಸರಿಹೋದೀತು? ನಾವು ವೈದ್ಯರು ಲೆಕ್ಕ ಹಾಕುವುದು ತೂಕದ ಮೇಲೆ. ಮೊದಲ ವಾರ ಕಳೆದ ಮೇಲೆ ಆರು ತಿಂಗಳವರೆಗೆ, ಬರೀ ಡಬ್ಬಿ ಹಾಲನ್ನೇ ಕುಡಿಯುವ ಮಗುವಿಗೆ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ ಸುಮಾರು 150 ಮಿ.ಲೀ. ಬೇಕು. ನಿಮ್ಮ ಮಗನಿಗೆ 4.6ನ್ನು 150ರಿಂದ ಗುಣಿಸಿದರೆ 690. ಒಂದು ದಿನ 600 ಕುಡಿದ, ಮರುದಿನ 750 ಕುಡಿದ ಎಂದರೆ ಗಾಬರಿ ಬೇಡ. ನಮಗೂ ಎಲ್ಲಾ ದಿನ ಒಂದೇ ಹಸಿವು ಇರುವುದಿಲ್ಲ. ತೂಕ ಹೆಚ್ಚಿದಂತೆ ಅಳತೆಯೂ ಏರುತ್ತದೆ, ಆದರೆ ದಿನಕ್ಕೆ ಒಂದು ಲೀಟರ್ ದಾಟುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ ಮಾತಾಡಿ.

ಈಗ ತಾನೇ ಹೆರಿಗೆಯಾದವರೂ ಇದನ್ನು ಓದುತ್ತಿರಬಹುದು. ಅವರಿಗೆ ಈ 150ರ ಲೆಕ್ಕ ಮೊದಲ ದಿನವೇ ಅನ್ವಯಿಸುವುದಿಲ್ಲ. ಮೂರು ಕೆ.ಜಿ.ಯ ಮಗುವಿಗೆ ಮೊದಲ ದಿನ ಒಂದು ಸಲಕ್ಕೆ 10ರಿಂದ 20 ಮಿ.ಲೀ. ಧಾರಾಳವಾಯಿತು. ದಿನದಿಂದ ದಿನಕ್ಕೆ ಏರಿಸುತ್ತಾ ವಾರದ ಕೊನೆಗೆ 50–60ಕ್ಕೆ ಬಂದರೆ ಸಾಕು. ದಿನ ತುಂಬುವ ಮೊದಲೇ ಹುಟ್ಟಿದ ಮಗು, ತೀರಾ ಕಡಿಮೆ ತೂಕದ ಮಗು, ಹೃದಯದ ತೊಂದರೆ ಇರುವ ಮಗು, ಇವರ ಲೆಕ್ಕವೇ ಬೇರೆ. ಅದನ್ನು ಆಸ್ಪತ್ರೆಯಲ್ಲಿ ಬರೆಸಿಕೊಂಡೇ ಮನೆಗೆ ಬನ್ನಿ.

ಇನ್ನು ಸಾಲುತ್ತಿದೆಯೇ ಎಂಬ ಭಯ. ಅದಕ್ಕೆ ಬಾಟಲಿ ನೋಡಬೇಡಿ, ಮಗುವನ್ನು ನೋಡಿ. ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯುತ್ತಿದ್ದಾನೆಯೇ? ಎಚ್ಚರವಿದ್ದಾಗ ಚುರುಕಾಗಿದ್ದಾನೆಯೇ? ತೂಕ ಏರುತ್ತಿದೆಯೇ? ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 25ರಿಂದ 30 ಗ್ರಾಂ ಏರಬೇಕು. ನಿಮ್ಮ ಮಗ ಎರಡು ತಿಂಗಳಲ್ಲಿ 1.7 ಕೆ.ಜಿ. ಏರಿದ್ದಾನೆ, ಅಂದರೆ ದಿನಕ್ಕೆ ಸುಮಾರು 28 ಗ್ರಾಂ. ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಕಿಲ್ಲ. ತಾಯಿ ಕಾರ್ಡ್‌ನಲ್ಲಿರುವ ಬೆಳವಣಿಗೆ ರೇಖೆಯನ್ನು ಪ್ರತಿ ಸಲ ತೂಗಿದಾಗಲೂ ತುಂಬಿಸಿಕೊಳ್ಳಿ. ಅತ್ತೆಯವರಿಗೂ ತೋರಿಸಿ, ಆ ಗೆರೆ ಮೇಲೇರುವುದನ್ನು ಕಂಡರೆ ಅವರಿಗೂ ಧೈರ್ಯ ಬರುತ್ತದೆ. ಅವರ ಕಾಳಜಿ ತಪ್ಪಲ್ಲ. ಮಿಕ್ಕ ಹಾಲನ್ನು ಮತ್ತೆ ಕುಡಿಸುವುದು ಮಾತ್ರ ಖಂಡಿತ ಕೂಡದು. ಮಗುವಿನ ಬಾಯಿಯ ಎಂಜಲು ಸೇರಿದ ಹಾಲಿನಲ್ಲಿ ಕ್ರಿಮಿಗಳು ಬಹಳ ಬೇಗ ಬೆಳೆಯುತ್ತವೆ. ಮಿಕ್ಕಿದ್ದನ್ನು ಚೆಲ್ಲಿ. ದಂಡವಾಗುತ್ತದೆ ಎನಿಸಿದರೆ 120 ಬೆರೆಸುವ ಬದಲು 90 ಬೆರೆಸಿ.

ಮುಖ ತಿರುಗಿಸುವುದು, ತುಟಿ ಬಿಗಿಯುವುದು, ಚೀಪುವುದು ನಿಧಾನವಾಗಿ ಕೈ ಸಡಿಲವಾಗುವುದು, ಇವೆಲ್ಲ ಸಾಕು ಎನ್ನುವ ಅವನ ಮಾತು. ಹಾಗೆಯೇ ತಲೆ ಅತ್ತಿತ್ತ ತಿರುಗಿಸಿ ಬಾಯಿ ತೆರೆಯುವುದು, ಮುಷ್ಟಿ ಬಾಯಿಗಿಡುವುದು ಬೇಕು ಎನ್ನುವ ಮಾತು. ಅಳು ಶುರುವಾಗುವ ತನಕ ಕಾಯಬೇಡಿ. ಕುಡಿಸುವಾಗ ತಲೆ ಎತ್ತರದಲ್ಲಿರಲಿ, ಬಾಟಲಿಯನ್ನು ಹೆಚ್ಚು ಕಡಿಮೆ ಅಡ್ಡವಾಗಿ ಹಿಡಿದು ನಡುನಡುವೆ ಬಿಡುವು ಕೊಡಿ, ಆಮೇಲೆ ಭುಜಕ್ಕೆ ಹಾಕಿಕೊಂಡು ತೇಗಿಸಿ. ತೇಗಿನ ಜೊತೆ ಒಂದಿಷ್ಟು ಹಾಲು ಬಂದರೆ ಏನೂ ಇಲ್ಲ. ಹಸಿರು ಬಣ್ಣದ ವಾಂತಿ, ರಭಸದಿಂದ ದೂರ ಹಾರುವ ವಾಂತಿ, ಉಚ್ಚೆ ಕಡಿಮೆಯಾಗುವುದು, ನೆತ್ತಿ ಗುಳಿ ಬೀಳುವುದು, ಹಾಲು ಕುಡಿಯದೆ ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ಕೊನೆಯದಾಗಿ, ಎದೆಹಾಲು ಪೂರ್ತಿ ಬಿಟ್ಟಿದ್ದೀರಾ ಎಂದು ನೀವು ಬರೆದಿಲ್ಲ. ಬಿಡದಿದ್ದರೆ ಪ್ರತಿ ಸಲವೂ ಮೊದಲು ಎದೆಗೆ ಹಾಕಿ, ಆಮೇಲೆ ಡಬ್ಬಿ ಹಾಲು ಕೊಡಿ. ಆಗ ಮೇಲಿನ ಲೆಕ್ಕವೂ ಇಳಿಯುತ್ತದೆ. ಬಿಟ್ಟಿದ್ದರೂ ಎರಡು ತಿಂಗಳಿಗೆ ಕಾಲ ಮೀರಿಲ್ಲ. ಮಗು ಚೀಪಿದಷ್ಟೂ ಹಾಲು ಇಳಿಯುತ್ತದೆ. ಸಂಜೆ ಹೊತ್ತು ಮಗು ಅತ್ತರೆ, ಎದೆ ಮೆತ್ತಗಾದರೆ ಹಾಲು ಬತ್ತಿತು ಎಂದು ಮನೆಯವರೇ ತೀರ್ಮಾನ ಮಾಡಿ ಡಬ್ಬಿ ತರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅವೆರಡೂ ಹಾಲು ಕಡಿಮೆಯಾದದ್ದರ ಗುರುತಲ್ಲ. ಚೆಲುವಾಂಬ ಆಸ್ಪತ್ರೆಯಲ್ಲೋ ನಿಮ್ಮ ಹೆರಿಗೆಯಾದ ಕಡೆಯೋ ಮಗುವನ್ನು ಎದೆಗೆ ಹಿಡಿಯುವ ರೀತಿಯನ್ನು ಒಮ್ಮೆ ತೋರಿಸಿಕೊಂಡು ಬನ್ನಿ. ಅಷ್ಟಾದರೂ ಹಾಲು ಬರದಿದ್ದರೆ ಕೊರಗಬೇಡಿ. ಸರಿಯಾಗಿ ಬೆರೆಸಿದ ಡಬ್ಬಿ ಹಾಲಿನಲ್ಲಿ ನಿಮ್ಮ ಮಗ ಚೆನ್ನಾಗಿಯೇ ಬೆಳೆಯುತ್ತಾನೆ, ಬೆಳೆಯುತ್ತಲೂ ಇದ್ದಾನೆ.

ಪ್ರಶ್ನೆ: ಮೂರು ತಿಂಗಳ ಮಗಳು, ಪೂರ್ತಿ ಪುಡಿ ಹಾಲು. ಮೊದಮೊದಲು ಡಬ್ಬಿ ಬೇಗ ಖಾಲಿಯಾಗುತ್ತಿತ್ತು. ಮಲ ಗಟ್ಟಿಯಾಗುತ್ತದೆ, ತೆಳ್ಳಗೆ ಬೆರೆಸಿ ಎಂದು ಪಕ್ಕದ ಮನೆಯವರು ಹೇಳಿದ ಮೇಲೆ 60 ಮಿ.ಲೀ. ನೀರಿಗೆ ಒಂದು ಚಮಚ ಹಾಕುತ್ತಿದ್ದೇವೆ. 400 ಗ್ರಾಂ ಡಬ್ಬಿ ಈಗ ವಾರದ ಮೇಲೆ ಬರುತ್ತದೆ. ತೊಂದರೆ ಇಲ್ಲ ತಾನೇ? ನಮ್ಮದು ಬೋರ್‌ವೆಲ್ ನೀರು.
— ಓದುಗರು, ಹೆಬ್ಬಾಳ

ಉತ್ತರ: ತೊಂದರೆ ಇದೆ. ಇವತ್ತೇ ನಿಲ್ಲಿಸಿ.

ನಮ್ಮಲ್ಲಿ ಸಿಗುವ ಹೆಚ್ಚಿನ ಡಬ್ಬಿಗಳಲ್ಲಿ 30 ಮಿ.ಲೀ. ನೀರಿಗೆ ಮಟ್ಟವಾಗಿ ತುಂಬಿದ ಒಂದು ಚಮಚ ಪುಡಿ ಎಂಬ ಲೆಕ್ಕ. ನಿಮ್ಮ ಡಬ್ಬಿಯಲ್ಲಿ ಏನಿದೆಯೋ ಓದಿ, ಅದರಂತೆಯೇ ಮಾಡಿ. ಆ ಲೆಕ್ಕದಲ್ಲಿ ದಿನಕ್ಕೆ 700 ಮಿ.ಲೀ. ಕುಡಿಯುವ ಮಗುವಿಗೆ ದಿನಕ್ಕೆ ನೂರು ಗ್ರಾಂ ಹತ್ತಿರ ಪುಡಿ ಬೇಕು. 400 ಗ್ರಾಂ ಡಬ್ಬಿ ನಾಲ್ಕು ದಿನಕ್ಕೆ ಮುಗಿಯಲೇಬೇಕು. ವಾರ ಬಂತೆಂದರೆ ನಿಮ್ಮ ಮಗಳಿಗೆ ಅರ್ಧ ಊಟ ಸಿಗುತ್ತಿದೆ. ಹೊಟ್ಟೆ ತುಂಬಿದಂತೆ ಕಾಣುತ್ತದೆ, ಮಲಗುತ್ತಾಳೆ, ತೂಕ ನಿಲ್ಲುತ್ತದೆ. ಅದಕ್ಕಿಂತ ಅಪಾಯದ್ದು ನೀರು ಹೆಚ್ಚಾಗಿ ರಕ್ತದ ಸೋಡಿಯಂ ಇಳಿಯುವುದು. ಅದು ತೀರಾ ಇಳಿದರೆ ಮಗುವಿಗೆ ಫಿಟ್ಸ್ ಬರುತ್ತದೆ. ಈ ವಾರವೇ ತೂಕ ನೋಡಿಸಿ, ಮಕ್ಕಳ ವೈದ್ಯರಿಗೆ ತೋರಿಸಿ. ಪುಡಿ ಹೆಚ್ಚು ಹಾಕಿ ಗಟ್ಟಿ ಮಾಡುವುದೂ ಅಷ್ಟೇ ಕೆಟ್ಟದ್ದು. ಮೂತ್ರಪಿಂಡಕ್ಕೆ ಭಾರ, ಮಲವೂ ಗಟ್ಟಿಯಾಗುತ್ತದೆ. ಮಲಬದ್ಧತೆಗೆ ಮೊದಲು ನೋಡಬೇಕಾದದ್ದು ಚಮಚ ಗೋಪುರದಂತೆ ತುಂಬುತ್ತಿದೆಯೇ ಎಂಬುದನ್ನು.

ಬೆರೆಸುವ ಕ್ರಮ ಹೀಗೆ. ನೀರು ಚೆನ್ನಾಗಿ ಕುದಿಯಲಿ, ಒಲೆ ಆರಿಸಿ ಅರ್ಧ ಗಂಟೆಯೊಳಗೆ ಬಳಸಿ. ಪುಡಿ ಡಬ್ಬಿಯಲ್ಲಿ ಮುಚ್ಚಿದೆ ಎಂದ ಮಾತ್ರಕ್ಕೆ ಕ್ರಿಮಿಯಿಲ್ಲದ್ದಲ್ಲ. 70 ಡಿಗ್ರಿಗಿಂತ ಬಿಸಿಯಿರುವ ನೀರು ಅದರೊಳಗಿನ ಕ್ರಿಮಿಯನ್ನು ಕೊಲ್ಲುತ್ತದೆ, ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಈ ನಿಯಮ ಹೇಳಿತು. ಮೊದಲು ನೀರು ಅಳೆಯಿರಿ, ಆಮೇಲೆ ಪುಡಿ. ಡಬ್ಬಿಯೊಳಗಿನ ಚಮಚವನ್ನೇ ಬಳಸಿ, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ, ಒತ್ತಿ ತುಂಬಬೇಡಿ. ಬಾಟಲಿಯನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟು ಆರಿಸಿ, ಮುಂಗೈ ಮೇಲೆ ಎರಡು ಹನಿ ಬಿಟ್ಟು ಬೆಚ್ಚಗಿದ್ದರೆ ಕೊಡಿ. ಬೆರೆಸಿದ್ದು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ರಾತ್ರಿಗೆಂದು ಹಾಲು ಮಾಡಿ ಫ್ಲಾಸ್ಕ್‌ನಲ್ಲಿಡಬೇಡಿ. ಫ್ಲಾಸ್ಕ್‌ನಲ್ಲಿ ಬಿಸಿನೀರು ಇರಲಿ, ಪುಡಿ ಬೇರೆ ಇರಲಿ.

ಕಾರ್ಪೊರೇಷನ್ ನಲ್ಲಿಯಲ್ಲಿ ಬರುವ ಕಾವೇರಿ ನೀರನ್ನು ಕುದಿಸಿದರೆ ಸಾಕು. ಬೋರ್‌ವೆಲ್ ನೀರಿನ ಮಾತು ಹಾಗಲ್ಲ. ಅದರಲ್ಲಿ ನೈಟ್ರೇಟ್ ಇದ್ದರೆ ಕುದಿಸಿದಷ್ಟೂ ಅದು ಸಾಂದ್ರವಾಗುತ್ತದೆ. ಎಳೆಯ ಮಗುವಿನ ರಕ್ತ ಆಮ್ಲಜನಕ ಒಯ್ಯುವುದಕ್ಕೆ ಅದು ಅಡ್ಡಿ, ಮಗು ನೀಲಿಗಟ್ಟುತ್ತದೆ. ನೀರನ್ನು ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಹಾಲಿಗೆ ಬೇಕಾದಷ್ಟು ಕಾವೇರಿ ನೀರನ್ನು ತಂದಿಟ್ಟುಕೊಳ್ಳಿ.

ಬಾಟಲಿ ತೊಳೆಯುವುದು ಕಷ್ಟ, ನಿಪ್ಪಲ್ಲಿನ ಸಂದಿಯಲ್ಲಿ ಹಾಲಿನ ಜಿಡ್ಡು ಉಳಿದುಬಿಡುತ್ತದೆ. ನಮ್ಮ ಮನೆಗಳ ಒಳಲೆ ಅದಕ್ಕಿಂತ ಎಷ್ಟೋ ವಾಸಿ. ಬಾಯಿ ಅಗಲ, ಬೆರಳು ಒಳಗೆ ಹೋಗುತ್ತದೆ, ಬಿಸಿನೀರಲ್ಲಿ ಕುದಿಸಬಹುದು. ಆದರೆ ಕಾಲು ಚಾಚಿ ಮಗುವನ್ನು ಅಂಗಾತ ಮಲಗಿಸಿ ಗಂಟಲಿಗೆ ಹಾಲು ಸುರಿಯುವ ಪದ್ಧತಿ ಬೇಡ. ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ತಲೆ ಎತ್ತಿ ಕೂರಿಸಿಕೊಂಡಂತೆ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಯ ಮೇಲಿಟ್ಟು, ಹಾಲು ತುಟಿಗೆ ಮುಟ್ಟುವಷ್ಟು ಬಗ್ಗಿಸಿ. ಮಗು ತಾನಾಗಿ ಹೀರಿ ನುಂಗಲಿ, ನುಂಗಿದ ಮೇಲೆ ಇನ್ನೊಂದು ಗುಟುಕು.

ಡಬ್ಬಿಯ ಖರ್ಚು ಭರಿಸುವುದು ಕಷ್ಟವೆಂದು ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ. ಅದನ್ನು ವೈದ್ಯರ ಮುಂದೆ ಸಂಕೋಚವಿಲ್ಲದೆ ಹೇಳಿ. ಬೆಲೆ ಹೆಚ್ಚಿದ್ದರೆ ಹಾಲು ಹೆಚ್ಚು ಒಳ್ಳೆಯದೇನಲ್ಲ, ಸಾಮಾನ್ಯ ಆರೋಗ್ಯದ ಮಗುವಿಗೆ ವಯಸ್ಸಿಗೆ ತಕ್ಕ ಮೊದಲ ಹಂತದ ಯಾವ ಡಬ್ಬಿಯಾದರೂ ನಡೆಯುತ್ತದೆ. ಅಂಗಡಿಯವರ ಶಿಫಾರಸು ಬೇಕಿಲ್ಲ. ಈ ಹಾಲಿಗೆ, ಬಾಟಲಿಗೆ ಪ್ರಚಾರ ಮಾಡುವುದನ್ನೇ 1992ರ ಕಾಯ್ದೆ ನಿಷೇಧಿಸಿದೆ. 2003ರಲ್ಲಿ ತಿದ್ದುಪಡಿ ಮಾಡಿ ಅದನ್ನು ಎರಡು ವರ್ಷದವರೆಗಿನ ಮಕ್ಕಳ ಆಹಾರಕ್ಕೆಲ್ಲ ವಿಸ್ತರಿಸಿದ್ದಾರೆ.

ಪ್ರಶ್ನೆ: ನಾನು ನಾಲ್ಕು ಮಕ್ಕಳನ್ನು ಸಾಕಿದವಳು. ಹಸುವಿನ ಹಾಲಿಗೆ ಅರ್ಧ ನೀರು, ಚೂರು ಸಕ್ಕರೆ ಹಾಕಿ ಕುಡಿಸಿದ್ದೆ, ಎಲ್ಲರೂ ಗಟ್ಟಿಯಾಗಿದ್ದಾರೆ. ಮೊಮ್ಮಗಳಿಗೆ ನಾಲ್ಕು ತಿಂಗಳು. ಸೊಸೆ ನಂದಿನಿ ಹಾಲು ಮುಟ್ಟಿಸಬೇಡಿ ಅನ್ನುತ್ತಾಳೆ.
— ಓದುಗರು, ಸರಸ್ವತಿಪುರಂ

ಉತ್ತರ: ಅಮ್ಮ, ಈ ವಿಷಯದಲ್ಲಿ ನಿಮ್ಮ ಸೊಸೆಯ ಮಾತು ನಡೆಯಲಿ. ನಿಮ್ಮ ಮಕ್ಕಳು ಚೆನ್ನಾಗಿರುವುದು ಸಂತೋಷ. ಆದರೆ ಆ ಕಾಲದಲ್ಲಿ ಭೇದಿ, ರಕ್ತಹೀನತೆಯಿಂದ ನರಳಿದ ಕೂಸುಗಳೂ ಎಷ್ಟೋ ಇದ್ದವು, ಅದು ನಿಮಗೂ ಗೊತ್ತು.

ತಾಯಿಯ ಹಾಲಿಗಿಂತ ಹಸುವಿನ ಹಾಲಿನಲ್ಲಿ ಪ್ರೋಟೀನ್ ಮೂರು ಪಟ್ಟು, ಉಪ್ಪಿನಂಶವೂ ಹೆಚ್ಚು. ಕಬ್ಬಿಣದ ಅಂಶ ತೀರಾ ಕಡಿಮೆ. ಎಳೆಯ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರಲೂ ಅದು ಕಾರಣವಾಗಬಹುದು. ನೀರು ಬೆರೆಸಿದರೆ ಪ್ರೋಟೀನ್ ಇಳಿಯುತ್ತದೆ, ಜೊತೆಗೆ ಮಗುವಿಗೆ ಬೇಕಾದ ಕೊಬ್ಬೂ ಶಕ್ತಿಯೂ ಇಳಿಯುತ್ತವೆ.

ನೀರು ಬೆರೆಸಿದರೆ ಆಗಿಬಿಡುವ ಕೆಲಸವಾಗಿದ್ದರೆ ನಮ್ಮ ಮೈಸೂರಿನ ವಿಜ್ಞಾನಿಗಳು ಅಷ್ಟು ವರ್ಷ ಒದ್ದಾಡಬೇಕಿರಲಿಲ್ಲ. 1950ರ ಅಕ್ಟೋಬರ್‌ನಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಶುರುವಾಯಿತು. ಶಿಶು ಆಹಾರದ ಡಬ್ಬಿಗಳು ಆಗ ಹೊರದೇಶದಿಂದ ಬರುತ್ತಿದ್ದವು. ನಮ್ಮಲ್ಲಿ ಹೇರಳವಾಗಿದ್ದದ್ದು ಎಮ್ಮೆ ಹಾಲು. ಅದರಲ್ಲಿ ಕೊಬ್ಬು ಹೆಚ್ಚು, ಮಗುವಿನ ಹೊಟ್ಟೆಯಲ್ಲಿ ಗಟ್ಟಿ ಹೆಪ್ಪಾಗುತ್ತದೆ. ಮೊದಲ ನಿರ್ದೇಶಕರಾಗಿದ್ದ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ ಆ ಹಾಲಿನ ಕೊಬ್ಬು ಇಳಿಸಿ, ಹೆಪ್ಪು ಮೃದುವಾಗುವಂತೆ ಮಾಡಿ, ಜೀವಸತ್ವ ಸೇರಿಸಿ ಪುಡಿ ಮಾಡುವ ವಿಧಾನವನ್ನು ಇಲ್ಲಿ ರೂಪಿಸಿದರು. ಗುಜರಾತಿನ ಖೇಡಾ ಹಾಲು ಒಕ್ಕೂಟ ಅದನ್ನು ಪಡೆದು ಅಮುಲ್ ಶಿಶು ಆಹಾರ ತಯಾರಿಸಿತು. ಪ್ರಾಣಿಯ ಹಾಲನ್ನು ಕೂಸಿಗೆ ಒಗ್ಗಿಸಲು ಇಷ್ಟೆಲ್ಲ ಮಾಡಬೇಕು, ಅಡುಗೆಮನೆಯಲ್ಲಿ ಆಗುವ ಕೆಲಸ ಅದಲ್ಲ. ಕುಡಿಸುವ ಹಾಲಾಗಿ ನಂದಿನಿ ಒಂದು ವರ್ಷ ತುಂಬಿದ ಮೇಲೆ.

ಪ್ರಶ್ನೆ: 26 ವಾರದ ರಜೆ ಮುಗಿದು ಬ್ಯಾಂಕ್ ಕೆಲಸಕ್ಕೆ ಹಿಂತಿರುಗುತ್ತಿದ್ದೇನೆ. ಮಗು ಇಲ್ಲಿಯವರೆಗೆ ಬರೀ ಎದೆಹಾಲು. ಹಗಲಿಗೆ ಎಷ್ಟು ಡಬ್ಬಿ ಹಾಲು ಇಟ್ಟುಹೋಗಲಿ?
— ಓದುಗರು, ವಿಜಯನಗರ

ಉತ್ತರ: ಡಬ್ಬಿಗೇ ಹೋಗಬೇಕೆಂದಿಲ್ಲ. ಕೆಲಸಕ್ಕೆ ಸೇರುವ ಹದಿನೈದು ದಿನ ಮೊದಲೇ ಹಾಲು ಹಿಂಡಿಡುವ ಅಭ್ಯಾಸ ಮಾಡಿಕೊಳ್ಳಿ. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್‌ನ ಒಳಭಾಗದಲ್ಲಿ 24 ಗಂಟೆ ಇರುತ್ತದೆ. ಮೈಸೂರಿನ ಏಪ್ರಿಲ್ ಸೆಕೆಯಲ್ಲಿ ಹೊರಗಿಡುವುದೇ ಬೇಡ. ಬೆಚ್ಚಗಾಗಿಸಲು ಬಿಸಿನೀರಿನ ಬಟ್ಟಲಲ್ಲಿಡಿ, ಒಲೆಯ ಮೇಲೆ ಕಾಯಿಸಬೇಡಿ. ಆರು ತಿಂಗಳು ತುಂಬಿದ್ದರಿಂದ ರಾಗಿ ಸರಿ, ಮೆತ್ತಗೆ ಮಸೆದ ಅನ್ನ ಬೇಳೆ, ಮಸೆದ ಬಾಳೆಹಣ್ಣನ್ನೂ ಶುರುಮಾಡಬಹುದು. ನೀವಿಲ್ಲದ ಹೊತ್ತಿಗೆ ಎರಡು ಸಲದ ಊಟ, ಎರಡು ಅಥವಾ ಮೂರು ಸಲದ ಹಾಲು ಸಾಕಾಗುತ್ತದೆ. ಹಿಂಡಿದ್ದು ಸಾಲದ ದಿನ ಮಾತ್ರ ಡಬ್ಬಿ ಹಾಲು, ಸಲಕ್ಕೆ 120ರಿಂದ 150 ಮಿ.ಲೀ.

ಪ್ರಶ್ನೆ: ನಾಲ್ಕು ತಿಂಗಳ ಮಗು ರಾತ್ರಿ ಎರಡು ಸಲ ಏಳುತ್ತದೆ. ಮಲಗುವ ಮುಂಚಿನ ಬಾಟಲಿಗೆ ಒಂದು ಚಮಚ ಪುಡಿ ಹೆಚ್ಚಿಗೆ ಅಥವಾ ರಾಗಿ ಸರಿ ಬೆರೆಸಬಹುದೇ? ಗ್ರೈಪ್ ವಾಟರ್?
— ಓದುಗರು, ಶ್ರೀರಾಂಪುರ

ಉತ್ತರ: ಮೂರೂ ಬೇಡ. ಜೇನುತುಪ್ಪ ನೆಕ್ಕಿಸುವುದೂ ಬೇಡ, ಒಂದು ವರ್ಷದೊಳಗೆ ಅದು ವಿಷವಾಗಬಲ್ಲದು. ಬಾಟಲಿಗೆ ಸರಿ ಹಾಕಿದರೆ ಮಗುವಿಗೆ ಉಸಿರು ಸಿಕ್ಕಿಕೊಳ್ಳುವ ಅಪಾಯವಿದೆ, ನಿದ್ದೆಯೇನೂ ಹೆಚ್ಚುವುದಿಲ್ಲ. ಈ ವಯಸ್ಸಿನಲ್ಲಿ ರಾತ್ರಿ ಒಂದೆರಡು ಸಲ ಹಸಿವಾಗುವುದು ಸಹಜ. ಹಗಲು ಸರಿಯಾಗಿ ಕುಡಿದು ತೂಕ ಏರುತ್ತಿದ್ದರೆ ತಿಂಗಳುಗಳು ಕಳೆದಂತೆ ತಾನಾಗಿ ಕಡಿಮೆಯಾಗುತ್ತದೆ. ಡಬ್ಬಿ ಹಾಲು ಬೆರೆಸಿ ಕುಡಿಸಲು ತಾಯಿಯೇ ಏಳಬೇಕೆಂದಿಲ್ಲ. ಎರಡರಲ್ಲಿ ಒಂದು ಸರದಿಯನ್ನು ಮಗುವಿನ ತಂದೆ ವಹಿಸಿಕೊಳ್ಳಲಿ.